ಚಿಕ್ಕೋಡಿಯ ‘ಜಿಲ್ಲೆ’

ಜಿಲ್ಲೆ (ನಾಮಪದ). ಅರಬ್ಬಿಯ ‘ದಿಲ್ಅ’ ಎಂದರೆ ಪಕ್ಕೆಲುಬು, ಬದಿ. ಪಾರಸಿಯ ಬಾಯಲ್ಲಿ ದಕಾರ ಮೆತ್ತಗಾಗಿ ಮರಾಠಿಯಲ್ಲಿ ‘ಜಿಲ್ಹಾ’, ತೆಲುಗಿನಲ್ಲಿ ‘ಜಿಲ್ಲಾ’, ನಮ್ಮಲ್ಲಿ ‘ಜಿಲ್ಲೆ’. ತಮಿಳರು ಮಾತ್ರ ‘ಮಾವಟ್ಟಂ’ ಎಂದು ತಮ್ಮದೇ ಪದ ಕಟ್ಟಿಕೊಂಡರು. ಈ ಪದ ಬರುವ ಮೊದಲು, ರಟ್ಟ ಅರಸರ ಕಾಲಕ್ಕೆ, ಬೆಳಗಾವಿ ಸೀಮೆಯ ಹೆಸರು ‘ಕೂಂಡಿ ಮೂರು ಸಾವಿರ’. ಕಲೆಕ್ಟರ್ ಕಚೇರಿಗೆ ಅಂಟಿದ ಅರ್ಥ ಬ್ರಿಟಿಷರದು.

ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ‘ಚಿಕ್ಕೋಡಿ ಜಿಲ್ಲೆ’ ಎನ್ನುವುದು ಸಾಮಾನ್ಯ. ಅದು ತಪ್ಪು ಬಳಕೆ, ಕಂದಾಯ ಜಿಲ್ಲೆ ಬೆಳಗಾವಿಯೇ ಎಂಬ ಆಕ್ಷೇಪ ಕಾನೂನಿನ ಮಟ್ಟಿಗೆ ಸರಿ. 1997ರಲ್ಲಿ ಘೋಷಣೆಯಾದ ಚಿಕ್ಕೋಡಿ ಜಿಲ್ಲೆಯನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಆದರೆ ಶಾಲೆಗಳ ಲೆಕ್ಕದಲ್ಲಿ ಚಿಕ್ಕೋಡಿ ಇಂದಿಗೂ ‘ಶೈಕ್ಷಣಿಕ ಜಿಲ್ಲೆ’. ಪದವನ್ನು ಸಡಿಲಿಸಿದ್ದು ಸರ್ಕಾರವೇ, ಜನರನ್ನೇಕೆ ದೂರಬೇಕು? ಪ್ರತ್ಯೇಕ ಜಿಲ್ಲೆಯ ಬೇಡಿಕೆಗೆ ಕಾರಣವೂ ಇದೆ: ಬೆಳಗಾವಿ ಜಿಲ್ಲೆಯ ವಿಸ್ತಾರ 13,415 ಚದರ ಕಿಲೋಮೀಟರ್, 2011ರ ಜನಸಂಖ್ಯೆ ಸುಮಾರು 47.8 ಲಕ್ಷ. ಅಥಣಿಯವರಿಗೆ ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗೂ ಆಚೆ. ಒಡೆದರೆ ಗಡಿಯಲ್ಲಿ ಕನ್ನಡದ ಬಲ ಕುಗ್ಗೀತೆಂಬ ಅಂಜಿಕೆ ಹಗುರವಾದದ್ದಲ್ಲ. ಆದರೆ ಅದು ಆಡಳಿತದ ವಾದ. ಕೃಷ್ಣೆ, ದೂಧಗಂಗೆಯರ ಈ ಬದಿಯನ್ನು ಜಿಲ್ಲೆ ಎಂದರೆ ಮೂಲಾರ್ಥಕ್ಕಂತೂ ಅಪಚಾರವಿಲ್ಲ.