ಸಂಗ್ಯಾನ ಕತೆ ಸಾಗಿದ ದಾರಿ

ಹತ್ತೊಂಬತ್ತನೇ ಶತಮಾನದಲ್ಲಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಒಂದು ಕೊಲೆ ದೊಡವಾಡ, ಸವದತ್ತಿ, ರಾಮದುರ್ಗದ ಕಡೆ ಇನ್ನೂ ಜನರ ಬಾಯಲ್ಲಿದೆ. ಸಂಗ್ಯಾ ಉಳ್ಳವರ ಮನೆಯ ಹುಡುಗ. ಮನಸ್ಸು ಹೋದದ್ದು ವ್ಯಾಪಾರಿ ಈರಣ್ಣನ ಹೆಂಡತಿ ಗಂಗಾಳ ಮೇಲೆ. ಜೀವದ ಗೆಳೆಯ ಬಾಳ್ಯಾನೇ ಕೈಕೊಟ್ಟು, ಸಂಗ್ಯಾ ಹೆಣವಾದ. ಈ ಕತೆ ಲಾವಣಿಯಾಯಿತು, ಆಟವಾಯಿತು, ಪುಸ್ತಕವಾಯಿತು, ಸಿನಿಮಾ ಕೂಡ ಆಯಿತು. ಹೊಸ ಸಲಕರಣೆ ಬಂದಾಗಲೆಲ್ಲ ಈ ಭಾಗದ ಕಲೆಗೆ ಸಿಕ್ಕಿದ್ದೇನು, ಕೈತಪ್ಪಿದ್ದೇನು ಎಂದು ನೋಡಲು ಸಂಗ್ಯಾನ ಬೆನ್ನು ಹತ್ತಿದರೆ ಸಾಕು.

ಲಾವಣಿ ಹಾಡುವವರ ಕೈಯಲ್ಲಿ ಮೊದಲು ಇದ್ದದ್ದು ದಪ್ಪು, ತುಂತುಣಿ, ತಾಳ. ಮುಂದೆ ನಿಂತ ಹಾಡುಗಾರ ನುಡಿ ಎತ್ತುತ್ತಾನೆ, ಹಿಮ್ಮೇಳದವರು ಅದರ ತುದಿ ಹಿಡಿದು ಗೀಗೀ ಎಂದು ಏರಿಸುತ್ತಾರೆ. ಅಷ್ಟರಲ್ಲಿ ಅವನಿಗೆ ಉಸಿರೂ ಸಿಗುತ್ತದೆ, ಮುಂದಿನ ನುಡಿಯೂ ಹೊಳೆಯುತ್ತದೆ. ಗಂಡಿನ ಪಕ್ಷದ ಹರದೇಶಿ, ಹೆಣ್ಣಿನ ಪಕ್ಷದ ನಾಗೇಶಿ ಮೇಳಗಳು ಎದುರುಬದುರು ನಿಂತರಂತೂ ಒಬ್ಬರ ಸವಾಲಿಗೆ ಇನ್ನೊಬ್ಬರು ಅಲ್ಲೇ ಹಾಡು ಕಟ್ಟಿ ಜವಾಬು ಕೊಡಬೇಕು. ಎದುರಾಳಿಯಿಲ್ಲದೆ ಆ ಹಾಡು ಹುಟ್ಟುವುದೇ ಇಲ್ಲ. ಒಬ್ಬನೇ ಕೂತು ಬರೆಯುವ ಸಾಹಿತ್ಯದ ಅಳತೆಗೋಲಿನಿಂದ ಇದನ್ನು ಅಳೆದದ್ದರಿಂದಲೇ ನಮ್ಮ ವಿಮರ್ಶೆ ಬಹಳ ಕಾಲ ಇದರ ಬೆಲೆ ತಿಳಿಯಲಿಲ್ಲ.

ಅಚ್ಚಿನ ಯಂತ್ರ ಈ ಹಾಡುಗಳನ್ನು ಮುಟ್ಟಿದ್ದು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಮೂಲಕ. 1885ರಿಂದ ಅವರು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನೂ ಸಂಗ್ಯಾನ ಲಾವಣಿಯನ್ನೂ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಬ್ರಿಟಿಷ್ ಆಳ್ವಿಕೆಯ ಅಧಿಕಾರಿಯೇ ಅವನ ಹಾಡನ್ನು ಕಾಗದಕ್ಕೆ ಇಳಿಸಿದರು. ಪದ ಉಳಿಯಿತು. ಗೀಗೀ ಎನ್ನುವಾಗ ಮೈ ನವಿರೇಳಿಸುವ ಆ ಏರುದನಿ ಅಚ್ಚಿಗೆ ಸಿಗಲಿಲ್ಲ.

ಸಂಗ್ಯಾನಿಗೆ ಮಾತು, ಕುಣಿತ, ವೇಷ ಕೊಟ್ಟು ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟ ಮಾಡಿದವರು ಪತ್ತಾರ ಮಾಸ್ತರ. ದೇವರು, ರಾಕ್ಷಸರು, ಕಿರೀಟ, ಭುಜಕೀರ್ತಿ ಇರುವ ದೊಡ್ಡಾಟದ ಪಕ್ಕದಲ್ಲಿ ನೆರೆಮನೆಯವನ ಕತೆಯನ್ನು ನೆರೆಮನೆಯ ಮಾತಿನಲ್ಲೇ ಆಡಬಹುದು ಎಂದು ತೋರಿಸಿದ್ದು ದೊಡ್ಡ ಧೈರ್ಯ. ಹಿಲಾಲಿನ ಜಾಗಕ್ಕೆ ಗ್ಯಾಸಬತ್ತಿ ಬಂದಾಗ ದೂರ ಕೂತವರಿಗೂ ಪಾತ್ರಧಾರಿಯ ಮುಖ ಕಂಡಿತು. ಮೈಕು ಬಂದಾಗ ಮಾತ್ರ ಒಂದು ಪೆಟ್ಟು ಬಿತ್ತು. ಅಟ್ಟದ ನಡುವೆ ಮೇಲಿಂದ ಮೈಕು ಇಳಿಬಿಡುತ್ತಾರೆ. ಅಟ್ಟದ ತುಂಬ ಕುಣಿಯುತ್ತಿದ್ದ ವೇಷ ಮಾತಿಗೊಮ್ಮೆ ಅದರ ಕೆಳಗೆ ಬಂದು ಕತ್ತೆತ್ತಿ ನಿಲ್ಲುತ್ತದೆ. ದನಿ ಊರಾಚೆ ಮುಟ್ಟಿತು, ಹೆಜ್ಜೆ ಕುಗ್ಗಿತು.

ಕಂಪನಿ ನಾಟಕದ ದಾರಿ ಬೇರೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಇಂಥ ಬಯಲಾಟದಿಂದಲೇ ಬಂದವರು. ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ, ಪರದೆ, ದೀಪ, ಸೀನರಿ ಎಲ್ಲವನ್ನೂ ಒಗ್ಗಿಸಿಕೊಂಡರು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರನ್ನು ಕಂಡ ಜನ ಕೈಮುಗಿದರು. ಪರದೆ ಬರೆಯುವವ, ಪೇಟಿ ಬಾರಿಸುವವ, ಅಡುಗೆಯವ ಎಲ್ಲರೂ ಒಂದೇ ಮನೆಯವರಾಗಿ ಊರೂರು ತಿರುಗಿದ ಆ ಬಾಳು, ನನ್ನ ಮಟ್ಟಿಗೆ, ಈ ನಾಡು ಕಂಡ ಅತ್ಯುತ್ತಮ ಸಹಯೋಗ.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಮುರಗೋಡದ ಗಾಯಕ ಹುಕ್ಕೇರಿ ಬಾಳಪ್ಪನವರ ಕಂಠ ಹೊಲದ ಬದುವಿಗೂ ಬಂತು. ಆದರೆ ರಾತ್ರಿಯಿಡೀ ನಡೆಯುವ ಕಲೆ ಗಡಿಯಾರದ ಮುಂದೆ ನಿಲ್ಲಬೇಕಾಯಿತು. ಗ್ರಾಮಫೋನ್ ತಟ್ಟೆಯಲ್ಲಿ ಮೂರ್ನಾಲ್ಕು ನಿಮಿಷ, ರೇಡಿಯೊದಲ್ಲಿ ಅರ್ಧ ಗಂಟೆ, ಕ್ಯಾಸೆಟ್ಟಿನಲ್ಲಿ ಒಂದು ಗಂಟೆ. ಕತ್ತರಿ ಮೊದಲು ಬಿದ್ದದ್ದು ಹಿಮ್ಮೇಳದ ಮೇಲೆಯೇ. ರೇಡಿಯೊ ಕಾಲದಲ್ಲೇ ನಾಟಕಕಾರ ಚಂದ್ರಶೇಖರ ಕಂಬಾರರು ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಪ್ರಕಟಿಸಿದರು; ತಮ್ಮ ‘ಜೋಕುಮಾರಸ್ವಾಮಿ’ಯಲ್ಲಿ ಮೇಳವನ್ನು ಮತ್ತೆ ರಂಗದ ನಡುವಿಗೆ ತಂದರು. ಬಯಲಾಟದ ಕಸುವು ಪಟ್ಟಣದ ಪ್ರೇಕ್ಷಕರಿಗೆ ತಿಳಿದದ್ದು ಹೀಗೆ.

ಈಗ ಮೊಬೈಲ್. ಜಾತ್ರೆಯಲ್ಲಿ ಆಟ ಶುರುವಾದರೆ ಸ್ಟ್ಯಾಂಡಿಗೆ ಫೋನು ಸಿಗಿಸಿ ಬೆಳಗಿನವರೆಗೆ ಚಿತ್ರಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ತಾಸುಗಟ್ಟಲೆ ಉದ್ದದ ಆ ವಿಡಿಯೊಗಳನ್ನು ಬೇಸರದ ಸರಕೆಂದು ತಳ್ಳಿಹಾಕಬಾರದು. ಗಡಿಯಾರ ಕಸಿದುಕೊಂಡಿದ್ದ ರಾತ್ರಿಯನ್ನು ಅವು ಹಿಂದಕ್ಕೆ ತಂದುಕೊಟ್ಟಿವೆ. ದುಡಿಯಲು ಪುಣೆ, ಗೋವಾಕ್ಕೆ ಹೋದವರೂ ತಮ್ಮೂರ ಆಟ ನೋಡುತ್ತಾರೆ. ಕೃತಕ ಬುದ್ಧಿಮತ್ತೆ ಗೀಗೀ ಧಾಟಿಯಲ್ಲಿ ಹಾಡು ಹೊಸೆದೀತು. ಆದರೆ ಸವಾಲಿಗೆ ಸೋತು ತಲೆತಗ್ಗಿಸುವ ಮರ್ಯಾದೆಯ ಪ್ರಶ್ನೆ ಅದಕ್ಕಿಲ್ಲ. ಹರದೇಶಿ–ನಾಗೇಶಿಯ ಜೀವ ಇರುವುದು ಆ ಪಣದಲ್ಲಿ.

ನನ್ನ ತಕರಾರು ಬೇರೆ. ಈ ವಿಡಿಯೊಗಳ ಕೆಳಗೆ ಚಾನೆಲ್ಲಿನ ಹೆಸರಿರುತ್ತದೆ, ಫೋನ್ ನಂಬರೂ ಇರುತ್ತದೆ. ದಪ್ಪು ಬಡಿದವರ, ಪೇಟಿ ಹಿಡಿದವರ, ಆಟ ಕಲಿಸಿದ ಮಾಸ್ತರರ ಹೆಸರಿರುವುದಿಲ್ಲ. ಲಾವಣಿಕಾರರು ಕೊನೆಯ ನುಡಿಯಲ್ಲಿ ಊರನ್ನು, ಗುರುವನ್ನು, ಕವಿಯನ್ನು ನೆನೆದೇ ಹಾಡು ಮುಗಿಸುತ್ತಾರೆ. ಅದೇ ಪದ್ಧತಿಯನ್ನು ವಿಡಿಯೊ ಏರಿಸುವ ಹುಡುಗರೂ ಹಿಡಿಯಲಿ. ಮೇಳದ ಎಲ್ಲರ ಹೆಸರು ಟೈಪ್ ಮಾಡಲು ಎರಡು ನಿಮಿಷ ಸಾಕು.