ಬೂರುಗದ ಹತ್ತಿ

ದಿಂಬು, ಹಾಸಿಗೆ, ಮೆತ್ತೆಗಳಿಗೆ ತುಂಬುವ ನುಣುಪಾದ ಸಸ್ಯದ ಎಳೆ. ಎರಡು ಮರಗಳಿಂದ ದೊರೆಯುತ್ತದೆ. ಒಂದು, ನಮ್ಮ ಕಾಡುಗಳಲ್ಲಿ ಎಲೆ ಉದುರಿಸಿಕೊಂಡು ಕೆಂಪು ಹೂ ಬಿಡುವ ಮುಳ್ಳುಕಾಂಡದ ಬೂರುಗ, ಬಾಂಬಾಕ್ಸ್ ಸೀಬ. ಇನ್ನೊಂದು ಉಷ್ಣವಲಯದ ಅಮೆರಿಕ ಮತ್ತು ಪಶ್ಚಿಮ ಆಫ್ರಿಕದ ಬಿಳಿ ಬೂರುಗ, ಸೀಬ ಪೆಂಟಾಂಡ್ರ. ಮಾರುಕಟ್ಟೆಯಲ್ಲಿ ಕಪೋಕ್ ಎಂದರೆ ಸಾಮಾನ್ಯವಾಗಿ ಎರಡನೆಯದು. ಹೊಲದ ಹತ್ತಿಯೂ ಇವೂ ಮ್ಯಾಲ್ವೇಸೀ ಕುಟುಂಬಕ್ಕೇ ಸೇರಿದರೂ ಎಳೆಗಳ ಗುಣ ಬೇರೆಬೇರೆ.

ಎಳೆಯ ರಚನೆ: ಹತ್ತಿಯ ಎಳೆ ಬೀಜದ ಸಿಪ್ಪೆಯಿಂದ ಹುಟ್ಟುತ್ತದೆ, ಬೂರುಗದ್ದು ಕಾಯಿಯ ಒಳಗೋಡೆಯಿಂದ. ಹಾಗಾಗಿ ಒಣಗಿದ ಕಾಯಿ ಒಡೆದರೆ ಕರಿಯ ಬೀಜಗಳು ಅರಳೆಯೊಳಗೆ ಸಡಿಲವಾಗಿ ಕೂತಿರುತ್ತವೆ. ಬುಟ್ಟಿಗೆ ಹಾಕಿ ಮಜ್ಜಿಗೆ ಕಡೆದಂತೆ ಕೋಲಿನಿಂದ ತಿರುವಿದರೆ ಬೀಜ ತಳಕ್ಕಿಳಿಯುತ್ತದೆ; ಬೀಜ ಬಿಡಿಸುವ ಜಿನ್ ಯಂತ್ರ ಬೇಕಿಲ್ಲ. ಎಳೆಯ ಒಳಗು ಬಹುಪಾಲು ಟೊಳ್ಳು, ಅದರ ತುಂಬ ಗಾಳಿ. ಗೋಡೆ ತೀರ ತೆಳು, ಮೇಲೆ ಮೇಣದ ಲೇಪ. ಈ ಮೂರೂ ಸೇರಿದ್ದರಿಂದಲೇ ಅದು ಹಗುರ, ಬೆಚ್ಚಗೆ, ನೀರು ಹೀರದು. ನೂಲಾಗದಿರುವುದಕ್ಕೂ ಎಳೆಯ ರಚನೆಯೇ ಕಾರಣ: ಗಿಡ್ಡವಾದ, ಜಾರುವ, ಪೆಡಸು ಎಳೆಗಳು ಒಂದನ್ನೊಂದು ಹಿಡಿಯುವುದಿಲ್ಲ. ದಿಂಬಿನ ಗವಸು ಒತ್ತಾಗಿ ನೇಯ್ದದ್ದಾಗಿರಬೇಕು, ಇಲ್ಲವಾದರೆ ಎಳೆ ಹೊರಗೆ ನುಸುಳುತ್ತದೆ. ಕಿಡಿ ತಾಕಿದರೆ ಬೇಗ ಹೊತ್ತಿಕೊಳ್ಳುತ್ತದೆ.

ಜೀವರಕ್ಷಕ ಅಂಗಿಗಳಲ್ಲಿ: ಈ ಎಳೆಯ ಚರಿತ್ರೆಯಲ್ಲಿ ಅತಿ ಮಹತ್ವದ ಅಧ್ಯಾಯ ಹಾಸಿಗೆಯದ್ದಲ್ಲ, ಹಡಗಿನದು. ತನ್ನ ತೂಕದ ಹಲವು ಪಟ್ಟು ಭಾರವನ್ನು ನೀರಿನ ಮೇಲೆ ತೇಲಿಸಬಲ್ಲ ಕಪೋಕನ್ನು ನಾವಿಕರ ಅಂಗಿಗಳಿಗೆ ತುಂಬುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಪ್ರಧಾನ ಪೂರೈಕೆ ಜಾವಾದಿಂದ. 1942ರಲ್ಲಿ ಜಪಾನ್ ಆ ದ್ವೀಪವನ್ನು ವಶಪಡಿಸಿಕೊಂಡಾಗ ಅಮೆರಿಕ ಬದಲಿ ಎಳೆ ಹುಡುಕಬೇಕಾಯಿತು. ಎಕ್ಕದ ನೆಂಟನಾದ ಮಿಲ್ಕ್‌ವೀಡ್ ಎಂಬ ಕಾಡುಗಿಡದ ಕಾಯಿಗಳನ್ನು ಶಾಲಾಮಕ್ಕಳು ಚೀಲ ತುಂಬ ಕಿತ್ತು ತಂದರು. ಮಿಷಿಗನ್‌ನ ಪೆಟೋಸ್ಕಿಯಲ್ಲಿ ಅವನ್ನು ಸಂಸ್ಕರಿಸಲಾಯಿತು. ಕಪೋಕಿಗೆ ಇದ್ದ ದೊಡ್ಡ ದೋಷವೆಂದರೆ ಎಣ್ಣೆ. ನೀರನ್ನು ತಡೆಯುವ ಮೇಣವೇ ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಣ್ಣೆ ಕುಡಿದ ಅಂಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ಹೀರಿ ತೆಗೆಯಲು ಕಪೋಕ್ ಬಳಸುವ ಸಂಶೋಧನೆ ನಡೆದಿರುವುದು ಇದೇ ಗುಣವನ್ನು ನಂಬಿ.

ಇತರ ಉಪಯೋಗ: ಬೂರುಗದ ಒಣಗಿಸಿದ ಮೊಗ್ಗು ಬಿಸಿಬೇಳೆಬಾತಿನ ಪುಡಿಗೆ ಬೀಳುವ ಮರಾಠಿ ಮೊಗ್ಗು. ಕೆಂಪು ಬೂರುಗದ ಮೆದು ಮರ ಬೆಂಕಿಕಡ್ಡಿಗೆ ಆಗುತ್ತದೆ.

ಇಂದಿನ ಬಳಕೆ, ಪರೀಕ್ಷೆ: ಫೋಮ್, ಪಾಲಿಯೆಸ್ಟರುಗಳು ಬಂದಮೇಲೆ ಬಳಕೆ ಕುಗ್ಗಿದೆ. ಆದರೂ ಬಿಸಿಲಿಗೆ ಹಾಕಿದರೆ ತಾನೇ ಉಬ್ಬಿಕೊಳ್ಳುವ ದಿಂಬು ಬೇಕೆನ್ನುವವರಿಗೆ ಇದು ಈಗಲೂ ಒಳ್ಳೆಯ ಆಯ್ಕೆ. ಹತ್ತಿ ಬೆರೆಸಿದ್ದಾರೆಂಬ ಅನುಮಾನ ಬಂದರೆ ಒಂದು ಚಿಟಿಕೆ ನೀರಿಗೆ ಹಾಕಿ ಒತ್ತಿ ಬಿಡಬೇಕು. ಬೂರುಗದ್ದು ಮೇಲೆದ್ದು ಬರುತ್ತದೆ, ಹತ್ತಿ ನೆನೆದು ಮುಳುಗುತ್ತದೆ.