ಲೆವಿ ಪಿಯರ್ಸನ್: ಶಾಲಾ ಬಸ್ ಕೇಳಿ ಕೋರ್ಟಿಗೆ ಹೋದ ಕಪ್ಪು ರೈತ

ಲೆವಿ ಪಿಯರ್ಸನ್ ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕ್ಲಾರೆಂಡನ್ ಕೌಂಟಿಯ ಕಪ್ಪು ಸಮುದಾಯದ ರೈತ. ಆತ ಕೇಳಿದ್ದು ಮಕ್ಕಳಿಗೊಂದು ಬಸ್ಸು, ಅಷ್ಟೇ. ಆ ಕೇಸು ಸೋತಿತು. ಆದರೆ ಅಮೆರಿಕದ ಶಾಲೆಗಳ ವರ್ಣಭೇದವನ್ನು ಕಾನೂನುಬಾಹಿರ ಎಂದ 1954ರ ತೀರ್ಪಿನ ಒಂದು ಬೇರು ಅಲ್ಲಿದೆ.

ಹಿನ್ನೆಲೆ

ಸೌಲಭ್ಯ ಸಮನಾಗಿದ್ದರೆ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಇಡಬಹುದು ಅಂತ 1896ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಕ್ಲಾರೆಂಡನ್‌ನಲ್ಲಿ ಬೇರೆ ಇಟ್ಟಿದ್ದರು, ಸಮಾನತೆ ಮಾತ್ರ ಇರಲಿಲ್ಲ. ಬಿಳಿಯ ಮಕ್ಕಳಿಗೆ ಸುಮಾರು 30 ಬಸ್ಸುಗಳಿದ್ದವು; ಕಪ್ಪು ಮಕ್ಕಳಿಗೆ ಒಂದೂ ಇಲ್ಲ. ಪೋಷಕರೇ ದುಡ್ಡು ಹಾಕಿ ಹಳೇ ಬಸ್ಸು ಕೊಂಡರೆ, ಅದರ ಪೆಟ್ರೋಲಿಗೂ ಆಡಳಿತ ಕಾಸು ಬಿಚ್ಚಲಿಲ್ಲ.

ದಾವೆ ಮತ್ತು ಸೋಲು

ಪಾದ್ರಿಯೂ ಶಿಕ್ಷಕರೂ ಆಗಿದ್ದ ಜೋಸೆಫ್ ಡಿಲೇನ್ ಬೆಂಬಲದಿಂದ ಪಿಯರ್ಸನ್ 1947ರಲ್ಲಿ ಮನವಿ ಸಲ್ಲಿಸಿದ. 1948ರಲ್ಲಿ ವಿಷಯ ಫೆಡರಲ್ ಕೋರ್ಟಿಗೆ ಹೋಯಿತು. ಆದರೆ ಆತನ ಜಮೀನು ಶಾಲಾ ಜಿಲ್ಲೆಗಳ ಗಡಿಯಲ್ಲಿತ್ತು: ತೆರಿಗೆ ಒಂದು ಜಿಲ್ಲೆಗೆ, ಮಕ್ಕಳ ಶಾಲೆ ಇನ್ನೊಂದರಲ್ಲಿ. ಹಾಗಾಗಿ ದಾವೆ ಹೂಡುವ ಹಕ್ಕೇ ಇಲ್ಲ ಎಂದಾಯಿತು. ಬಸ್ಸಿನ ಅನ್ಯಾಯ ವಿಚಾರಣೆಗೇ ಬರಲಿಲ್ಲ.

ತೆತ್ತ ಬೆಲೆ

ಅಲ್ಲಿನ ರೈತ ಬೀಜ, ಗೊಬ್ಬರವನ್ನು ಸಾಲದಲ್ಲಿ ತಂದು ಫಸಲು ಬಂದಮೇಲೆ ತೀರಿಸುತ್ತಿದ್ದ. ಸಾಲ ಕೊಡುವವರು ಬಿಳಿಯರು. ಪಿಯರ್ಸನ್‌ಗೆ ಅವರು ಸಾಲ ನಿಲ್ಲಿಸಿದರು. ಕಟಾವಿಗೆ ಯಂತ್ರವೂ ಸಿಗಲಿಲ್ಲ. ಮನೆಯತ್ತ ಗುಂಡು ಹಾರಿತು. ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವ ಮಾತನ್ನು ಇಲ್ಲಿಟ್ಟು ನೋಡಬೇಕು. ಕಾನೂನಿಗೆ ಹೆಸರಿರುವ ಒಬ್ಬ ಅರ್ಜಿದಾರ ಬೇಕು. ಅವನ ಹೊಟ್ಟೆಪಾಡು ಎದುರಾಳಿಗಳ ಕೈಯಲ್ಲೇ ಇದ್ದರೆ, ತೀರ್ಪಿಗೆ ಮೊದಲೇ ಶಿಕ್ಷೆ ಶುರು.

ಒಬ್ಬನಿಂದ ಹಲವರಿಗೆ

ಎನ್‌ಎಎಸಿಪಿ ಸಂಘಟನೆಯ ವಕೀಲ ಥರ್ಗುಡ್ ಮಾರ್ಷಲ್ ಈ ಸಲ 20 ಅರ್ಜಿದಾರರು ಬೇಕೆಂದರು. 1949ರ ನವೆಂಬರ್‌ನಲ್ಲಿ ಪೋಷಕರು ಹೊಸ ಮನವಿಗೆ ಸಹಿ ಹಾಕಿದರು. ಅದರಿಂದ ಹುಟ್ಟಿದ್ದೇ ಬ್ರಿಗ್ಸ್ ವರ್ಸಸ್ ಎಲಿಯಟ್. ಹ್ಯಾರಿ ಬ್ರಿಗ್ಸ್ ಮತ್ತು ಪತ್ನಿ ಎಲೈಜಾ ಇಬ್ಬರೂ ಕೆಲಸ ಕಳೆದುಕೊಂಡರು. ಈಗಿನ ಬೇಡಿಕೆ ಬಸ್ಸಲ್ಲ. ಪ್ರತ್ಯೇಕ ಶಾಲೆಗಳ ವ್ಯವಸ್ಥೆಯೇ ಹೋಗಬೇಕು. 1951ರಲ್ಲಿ ಮೂವರು ನ್ಯಾಯಾಧೀಶರ ಪೀಠ 2–1ರಿಂದ ಅದನ್ನು ತಳ್ಳಿಹಾಕಿತು. ಭಿನ್ನಮತ ಬರೆದ ವೇಟೀಸ್ ವೇರಿಂಗ್, ಪ್ರತ್ಯೇಕಿಸುವುದೇ ಅಸಮಾನತೆ ಎಂದರು. ಮೇಲ್ಮನವಿ ಬ್ರೌನ್ ಪ್ರಕರಣದ ಜೊತೆ ಸೇರಿತು. 1954ರ ಮೇ 17ರಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅದನ್ನೇ ಹೇಳಿತು.

ಪಿಯರ್ಸನ್, ಡಿಲೇನ್ ಹಾಗೂ ಬ್ರಿಗ್ಸ್ ದಂಪತಿಗೆ ಮರಣೋತ್ತರವಾಗಿ ಕಾಂಗ್ರೆಷನಲ್ ಚಿನ್ನದ ಪದಕ ನೀಡುವ ಕಾನೂನು ಬಂದಿದ್ದು 2003ರಲ್ಲಿ. ಬಸ್ ಕೇಳಿ ಆಗಲೇ 56 ವರ್ಷ ಕಳೆದಿತ್ತು.